ಎಷ್ಟು ಬಂದರೆ ಪಾಸು?

ಕೊನೆಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ರಾತ್ರಿ ಊಟ ಮುಗಿದ ಮೇಲೆ ಅಡಿಕೆ ಸುಲಿಯಲು ಕೂರುತ್ತಾರೆ. ಶಿರಸಿಯಿಂದ ಸ್ವಲ್ಪ ಒಳಗಿರುವ ಗೆಳೆಯರ ಮನೆಗೆ ಹೋದಾಗ ಅದೇ ನಡೆದಿತ್ತು. ಮೆಟ್ಟುಗತ್ತಿಯ ಮುಂದೆ ಕೂತಿದ್ದ ಅವರು ನನ್ನನ್ನು ನೋಡಿದ ಕೂಡಲೇ ಕೈ ಒರೆಸಿಕೊಂಡು ಫೋನು ತೆಗೆದರು. ಹಸಿ ಅಡಿಕೆಯ ರಸಕ್ಕೆ ಬೆರಳೆಲ್ಲ ಕಪ್ಪಾಗಿತ್ತು. ಎರಡು ಮೂರು ಸಲ ಒತ್ತಿದ ಮೇಲೆ ಪುಟ ತೆರೆಯಿತು. ಗೂಗಲ್ ಸ್ಕಾಲರ್‌ನಲ್ಲಿ ಅವರ ಮಗಳ ಪುಟ. ಅವಳ ಫೋಟೋ, ಲೇಖನಗಳ ಪಟ್ಟಿ, ಒಂದು ಪುಟ್ಟ ಕೋಷ್ಟಕ, ವರ್ಷವರ್ಷಕ್ಕೆ ಏರುತ್ತ ಹೋಗುವ ಕಂಬಗಳು. ಮಗಳು ನನ್ನ ವಿದ್ಯಾರ್ಥಿನಿ. ಇಲ್ಲೇ ಬಿಎಸ್ಸಿ ಮಾಡಿ, ಬೆಂಗಳೂರಿನಲ್ಲಿ ನರವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ, ಈಗ ಯುರೋಪಿನ ಒಂದು ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧಕಿ, ಆಗಿದ್ದಾಳೆ. ಊರಿಗೆ ಬಂದು ಇಲ್ಲೇ ಎಲ್ಲಾದರೂ ಕೆಲಸ ಹಿಡಿಯಬೇಕೆಂದು ಅರ್ಜಿ ಹಾಕುತ್ತಿದ್ದಾಳೆ. ಅಪ್ಪ ಕೋಷ್ಟಕದ ಮೇಲೆ ಬೆರಳಿಟ್ಟು ಕೇಳಿದರು: "ಮಾಸ್ತರೇ, ಇಲ್ಲಿ ಎಚ್-ಇಂಡೆಕ್ಸ್ ಒಂಬತ್ತು ಹೇಳಿ ಇದ್ದು. ಇದು ಚೊಲೋನಾ? ಎಷ್ಟು ಬಂದ್ರೆ ಪಾಸು?"

ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಎಚ್-ಇಂಡೆಕ್ಸ್ ಎಂದರೇನು ಎಂದು ಹೇಳಿದೆ. ಅವಳ ಲೇಖನಗಳಲ್ಲಿ ಒಂಬತ್ತನ್ನು ಆಮೇಲೆ ಬಂದ ಲೇಖನಗಳಲ್ಲಿ ತಲಾ ಒಂಬತ್ತು ಸಲವಾದರೂ ಉಲ್ಲೇಖಿಸಿದ್ದಾರೆ ಅಂತ ಅರ್ಥ. ಹತ್ತು ಆಗಬೇಕಾದರೆ ಹತ್ತು ಲೇಖನಕ್ಕೆ ತಲಾ ಹತ್ತು ಉಲ್ಲೇಖ ಬೇಕು. ಅವರು ತಲೆ ಆಡಿಸಿದರು. ಆದರೆ ಅವರು ಕೇಳಿದ್ದು ಅದನ್ನಲ್ಲ ಅಲ್ವಾ? ಮಗಳು ಮಾಡುತ್ತಿರುವ ಕೆಲಸ ಒಳ್ಳೆಯದೋ ಅಲ್ಲವೋ ಎಂದು ಕೇಳಿದರು. ಅವಳಿಗೆ ಕೆಲಸ ಸಿಗುತ್ತದೋ ಇಲ್ಲವೋ ಎಂದು ಕೇಳಿದರು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಒಂದೇ ಅಂಕಿ ಎರಡಕ್ಕೂ ಉತ್ತರ ಎನ್ನುವಂತೆ ಇವತ್ತಿನ ವ್ಯವಸ್ಥೆ ನಡೆಯುತ್ತಿದೆ. ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ಹನ್ನೆರಡು, ಹದಿನೆಂಟು, ನೂರಾ ತೊಂಬತ್ತೊಂದು

ಈ ಲೆಕ್ಕವನ್ನು ಹುಟ್ಟುಹಾಕಿದವರು ಜಾರ್ಜ್ ಹಿರ್ಷ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್‌ನ ಭೌತವಿಜ್ಞಾನಿ. ವರ್ಷ 2005. ಆ ಲೇಖನ ಇರುವುದು ಕೆಲವೇ ಪುಟ, ಯಾರು ಬೇಕಾದರೂ ಓದಬಹುದು. ಒಳ್ಳೆಯ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಕಾಯಂ ಆಗಲು ಎಚ್ 12ರ ಸುತ್ತಮುತ್ತ ಇರಬೇಕು, ಪೂರ್ಣ ಪ್ರಾಧ್ಯಾಪಕ ಆಗಲು 18ರ ಸುತ್ತಮುತ್ತ ಎಂದು ಅವರು ಅಂದಾಜು ಮಾಡಿದ್ದರು. ಅದೂ ಭೌತವಿಜ್ಞಾನಿಗಳಿಗೆ. ಮುಂದೆ ಅದೇ ಲೇಖನದಲ್ಲಿ ಒಂದು ಎಚ್ಚರಿಕೆ ಇದೆ, ಜನ ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಜೀವವಿಜ್ಞಾನದಲ್ಲಿ ಈ ಅಂಕಿಗಳು ಜಾಸ್ತಿ ಎತ್ತರಕ್ಕೆ ಹೋಗುತ್ತವೆ ಎಂದು ತೋರಿಸಲು ಅವರು ಎರಡು ಪಟ್ಟಿ ಕೊಟ್ಟಿದ್ದಾರೆ. ಭೌತವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲೆ ಎಡ್ವರ್ಡ್ ವಿಟನ್, 110. ಜೀವವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲೆ ಜಾನ್ಸ್ ಹಾಪ್ಕಿನ್ಸ್‌ನ ಸಾಲೊಮನ್ ಸ್ನೈಡರ್, 191. ಸ್ನೈಡರ್ ನರವಿಜ್ಞಾನಿ. ಅಫೀಮಿನ ಅಂಶ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು 1973ರಲ್ಲಿ ಕ್ಯಾಂಡೇಸ್ ಪರ್ಟ್ ಜೊತೆ ತೋರಿಸಿಕೊಟ್ಟವರು.

ಹಾಗಾದರೆ ವಿಟನ್‌ಗಿಂತ ಸ್ನೈಡರ್ ಅಷ್ಟು ದೊಡ್ಡ ವಿಜ್ಞಾನಿಯೇ? ಯಾರೂ ಹಾಗೆ ಹೇಳುವುದಿಲ್ಲ. ನರವಿಜ್ಞಾನದ ಒಂದು ಲೇಖನದ ಕೊನೆಗೆ 50-60 ಉಲ್ಲೇಖ ಇರುವುದು ಮಾಮೂಲು. ಬರೆಯುವ ಲ್ಯಾಬ್‌ಗಳೂ ಸಾವಿರಾರು. ಎಲ್ಲರೂ ಎಲ್ಲರನ್ನೂ ಉಲ್ಲೇಖಿಸುತ್ತ ಹೋದರೆ ಅಂಕಿ ತಾನಾಗಿ ಮೇಲೇರುತ್ತದೆ. ಗಣಿತದಲ್ಲಿ ಹಾಗಿಲ್ಲ. ಇದನ್ನು ಗೆಳೆಯರಿಗೆ ಹೇಳಿದಾಗ ಅವರು ಅಡಿಕೆಯ ಎರಡು ಬಗೆ, ಬೇಯಿಸಿದ ರಾಶಿ ಮತ್ತು ಒಣಗಿಸಿದ ಚಾಲಿಯ ಲೆಕ್ಕದಲ್ಲಿ ತಟ್ಟನೆ ಹಿಡಿದುಕೊಂಡರು: "ರಾಶಿ ರೇಟಿನ ಪಕ್ಕ ಚಾಲಿ ರೇಟು ಇಟ್ಟು, ಚಾಲಿ ಮಾಡಿದಂವ ಸೋತ ಹೇಳಿದ ಹಾಂಗಾತು." ಅಷ್ಟೇ. ನರವಿಜ್ಞಾನದೊಳಗೂ ಇದೇ ಕಥೆ. ಆಲ್ಝೈಮರ್ಸ್ ಬಗ್ಗೆ ಬರೆಯುವವರ ಗುಂಪು ದೊಡ್ಡದು, ಅಲ್ಲಿ ಸಾಧಾರಣ ಲೇಖನಕ್ಕೂ ಓದುಗರು ಸಿಗುತ್ತಾರೆ. ಕಪ್ಪೆಯ ಕಿವಿಯ ನರದ ಮೇಲೆ ಕೆಲಸ ಮಾಡುವವರ ಗುಂಪು ಚಿಕ್ಕದು, ಅಲ್ಲಿ ಎಂಥ ಒಳ್ಳೆಯ ಕೆಲಸಕ್ಕೂ ಉಲ್ಲೇಖ ಕಡಿಮೆಯೇ.

ಅವಳ ಪಟ್ಟಿಯಲ್ಲಿ ಮೇಲಿದ್ದದ್ದು, ಕೆಳಗಿದ್ದದ್ದು

ಮರುದಿನ ಬೆಳಿಗ್ಗೆ, ಆಗ ಊರಿಗೆ ಬಂದಿದ್ದ ಹುಡುಗಿ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ತನ್ನ ಪಟ್ಟಿಯನ್ನು ನನಗೆ ತೋರಿಸಿದಳು. ಗೂಗಲ್ ಸ್ಕಾಲರ್ ಲೇಖನಗಳನ್ನು ಉಲ್ಲೇಖದ ಪ್ರಕಾರ ಜೋಡಿಸಿಡುತ್ತದೆ, ಜಾಸ್ತಿ ಬಂದದ್ದು ಮೇಲೆ. ಅವಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಒಂದು ಸಾಫ್ಟ್‌ವೇರಿನ ಲೇಖನ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ನರಕೋಶಗಳನ್ನು ತಾನಾಗಿ ಎಣಿಸುವ ಪ್ರೋಗ್ರಾಂ. ಅದರಲ್ಲಿ ಅವಳ ಹೆಸರು ಐದನೆಯದು. "ಸರ್, ಇದರಲ್ಲಿ ನಾನು ಮಾಡಿದ್ದು ಟೆಸ್ಟಿಂಗ್ ಮಾತ್ರ, ಅದೂ ಕೆಲವು ತಿಂಗಳು" ಎಂದಳು. ಆಮೇಲೆ ಕರ್ಸರನ್ನು ಕೆಳಗೆ ಕೆಳಗೆ ಎಳೆದು ಒಂದು ಕಡೆ ನಿಲ್ಲಿಸಿದಳು. ಅವಳ ಪಿಎಚ್‌ಡಿಯ ಮುಖ್ಯ ಲೇಖನ ಅದು. ಮೊದಲ ಹೆಸರು ಅವಳದೇ. ಪಟ್ಟಿಯಲ್ಲಿ ಕೆಳಗಿನಿಂದ ಮೂರನೆಯದು.

ಆ ಲೇಖನದ ಕೆಲಸ ಹೇಗಿತ್ತು ಎಂದು ಕೇಳಿದೆ. ಅವಳು ಕೈಯಲ್ಲೇ ಮಾಡಿ ತೋರಿಸಿದಳು. ಇಲಿಯ ಮಿದುಳನ್ನು ತೆಗೆದು, ತಣ್ಣಗಿನ ದ್ರವದಲ್ಲಿಟ್ಟು, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳುವಾಗಿ ಹೋಳು ಮಾಡಬೇಕು. ಹಿಪ್ಪೊಕ್ಯಾಂಪಸ್ ಎನ್ನುವ ಭಾಗ ಇರುವ ಹೋಳು. ನೆನಪು ಕಟ್ಟುವುದರಲ್ಲಿ ಅದರ ಪಾತ್ರ ದೊಡ್ಡದು. ಆ ಹೋಳಿಗೆ ಆಮ್ಲಜನಕ ಗುಳುಗುಳು ಬಿಡುತ್ತ ಇದ್ದರೆ ಕೋಶಗಳು ಕೆಲವು ಗಂಟೆ ಬದುಕಿರುತ್ತವೆ. ಆಮೇಲೆ ಗಾಜಿನ ನಳಿಗೆಯೊಂದನ್ನು ಬಿಸಿ ಮಾಡಿ ಎಳೆಯಬೇಕು. ಅದರ ತುದಿ ಒಂದೆರಡು ಮೈಕ್ರಾನ್, ಬರಿಗಣ್ಣಿಗೆ ಕಾಣುವಂಥದ್ದಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಆ ತುದಿಯನ್ನು ಒಂದೇ ಒಂದು ನರಕೋಶದ ಮೈಗೆ ತಾಗಿಸಬೇಕು. ನಳಿಗೆಯ ಇನ್ನೊಂದು ತುದಿಗೆ ಒಂದು ಪ್ಲಾಸ್ಟಿಕ್ ಟ್ಯೂಬು, ಅದು ಬಾಯಲ್ಲಿ. ಮೆಲ್ಲಗೆ, ಉಸಿರಿನಷ್ಟೇ ಹಗುರವಾಗಿ ಹೀರಬೇಕು. ಕೋಶದ ಪೊರೆ ಗಾಜಿಗೆ ಅಂಟಿಕೊಂಡರೆ ಆ ಕೋಶದ ವಿದ್ಯುತ್ ಪರದೆಯ ಮೇಲೆ ಕಾಣಲು ಶುರು. ಸ್ವಲ್ಪ ಜೋರಾಗಿ ಹೀರಿದರೆ ಕೋಶ ಸತ್ತಿತು, ಮತ್ತೆ ಇನ್ನೊಂದು ಹುಡುಕಬೇಕು. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ಶುರು ಮಾಡಿದ ವಿಧಾನ ಇದು, 1991ರಲ್ಲಿ ಅವರಿಗೆ ನೊಬೆಲ್ ಬಂತು. ದಿನಕ್ಕೆ ಒಂದೆರಡು ಒಳ್ಳೆಯ ಕೋಶ ಸಿಕ್ಕರೆ ಆ ದಿನ ಗೆದ್ದ ಹಾಗೆ ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಪಟ್ಟಿಯ ಮೇಲಿನ ಲೇಖನದ ಬಗ್ಗೆ ಹೇಳುವಾಗ ಆ ಮುಖ ಇರಲಿಲ್ಲ.

ಮೇಲಿನ ಲೇಖನಕ್ಕೆ ಉಲ್ಲೇಖ ಜಾಸ್ತಿ ಬಂದದ್ದು ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ವಿಧಾನದ ಲೇಖನಗಳಿಗೆ ಯಾವತ್ತೂ ಹಾಗೆಯೇ. ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದದ್ದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ. ಒಂದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಮೂರು ಲಕ್ಷಕ್ಕೂ ಜಾಸ್ತಿ ಉಲ್ಲೇಖ. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಲೇಖನಗಳ ಪಟ್ಟಿ ಮಾಡಿದಾಗ ಡಿಎನ್‌ಎ ರಚನೆ ತೋರಿಸಿದ ಲೇಖನಕ್ಕೆ ಅದರಲ್ಲಿ ಜಾಗವೇ ಸಿಗಲಿಲ್ಲ. ಉಪಯೋಗಕ್ಕೆ ಬಂದದ್ದನ್ನು ಜನ ನೆನೆಯುತ್ತಾರೆ, ಸರಿ. ಆದರೆ ಐದನೇ ಹೆಸರಿಗೂ ಮೊದಲ ಹೆಸರಿಗೂ ಈ ಲೆಕ್ಕದಲ್ಲಿ ಏನೇನೂ ವ್ಯತ್ಯಾಸ ಇಲ್ಲ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು ಎಂದು ಎಲ್ಲರಿಗೂ ಗೊತ್ತು. ಎಚ್-ಇಂಡೆಕ್ಸಿಗೆ ಮಾತ್ರ ಅದು ಗೊತ್ತಿಲ್ಲ. ಅವಳ ಒಂಬತ್ತರಲ್ಲಿ ಅವಳ ಉಸಿರು ಹಿಡಿದ ಕೆಲಸ ಯಾವುದು, ಕೈ ಜೋಡಿಸಿದ್ದು ಯಾವುದು ಎಂದು ಆ ಅಂಕಿ ಹೇಳುವುದಿಲ್ಲ.

ಅರವತ್ತು ಪ್ರತಿ

ಇದನ್ನೆಲ್ಲ ಯೋಚಿಸುವಾಗ ನನಗೆ ರಮೋನ್ ಇ ಕಹಾಲ್ ನೆನಪಾಗುತ್ತಾರೆ. ಮಿದುಳು ಒಂದೇ ಬಲೆಯಲ್ಲ, ಬಿಡಿ ಬಿಡಿ ಕೋಶಗಳಿಂದ ಆದದ್ದು ಎಂದು ತೋರಿಸಿದವರು. ಬಾರ್ಸಿಲೋನಾದಲ್ಲಿದ್ದಾಗ, 1888ರಲ್ಲಿ, ತಮ್ಮದೇ ಪತ್ರಿಕೆ ಶುರು ಮಾಡಿ ಅದರಲ್ಲಿ ಈ ಕೆಲಸವನ್ನು ಅಚ್ಚು ಹಾಕಿಸಿದರು. ಖರ್ಚೂ ಅವರದೇ. ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಹಾಕಿಸಿದ್ದು 60 ಪ್ರತಿ. ಅವನ್ನು ಯುರೋಪಿನ ವಿಜ್ಞಾನಿಗಳಿಗೆ ಕಳಿಸಿದರು. ಆಗ ವಿಜ್ಞಾನ ಅಂದರೆ ಜರ್ಮನ್, ಫ್ರೆಂಚ್. ಸ್ಪ್ಯಾನಿಷ್ ಓದುವವರು ಕಡಿಮೆ, ಓದಿದವರಿಗೂ ನಂಬಿಕೆ ಬರಲಿಲ್ಲ. ಕೊನೆಗೆ 1889ರಲ್ಲಿ ಕಹಾಲ್ ತಮ್ಮ ಸ್ಲೈಡುಗಳನ್ನು ಕಟ್ಟಿಕೊಂಡು ಬರ್ಲಿನ್ನಿಗೇ ಹೋದರು. ಅಂಗರಚನಾ ವಿಜ್ಞಾನಿಗಳ ಸಭೆಯಲ್ಲಿ ಒಂದು ಮೂಲೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಬಂದವರಿಗೆ ನೋಡಿ ಎಂದರು. ಆಗಿನ ಕಾಲದ ದೊಡ್ಡ ಹೆಸರು ಕೊಲಿಕರ್ ಬಗ್ಗಿ ನೋಡಿದರು. ನೋಡಿದ ಮೇಲೆ ಒಪ್ಪಿದರು. 1906ರ ನೊಬೆಲ್ ಪ್ರಶಸ್ತಿಯನ್ನು ಕಹಾಲ್ ಜೊತೆ ಹಂಚಿಕೊಂಡವರು ಕಮಿಲ್ಲೊ ಗಾಲ್ಜಿ. ಕೋಶಗಳು ಎದ್ದು ಕಾಣಲು ಕಹಾಲ್ ಬಳಸಿದ, ಬೆಳ್ಳಿಯಿಂದ ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದದ್ದು ಗಾಲ್ಜಿಯವರೇ. ಕಹಾಲ್ ಹೇಳಿದ್ದನ್ನು ಕೊನೆಯವರೆಗೂ ಒಪ್ಪದವರೂ ಅವರೇ.

1888ರ ಕಹಾಲ್ ಇವತ್ತು ಯಾವುದಾದರೂ ಸಂದರ್ಶನಕ್ಕೆ ಬಂದಿದ್ದರೆ ಅವರ ಅಂಕಿ ಸೊನ್ನೆ. ಇನ್ನೊಂದು ಕಡೆ, 2006ರಲ್ಲಿ ನೇಚರ್‌ನಲ್ಲಿ ಬಂದ ಆಲ್ಝೈಮರ್ಸ್ ಲೇಖನವೊಂದಕ್ಕೆ 2,000ಕ್ಕೂ ಹೆಚ್ಚು ಉಲ್ಲೇಖ ಸಿಕ್ಕಿತು. ನೆನಪು ಹೋಗಲು ಇಂಥದ್ದೊಂದು ಪ್ರೋಟೀನ್ ಗುಂಪು ಕಾರಣ ಎಂದು ಅದು ಹೇಳಿತ್ತು. ಚಿತ್ರಗಳನ್ನು ತಿದ್ದಲಾಗಿದೆ ಎಂಬ ಮಾತು 2022ರಲ್ಲಿ ಬಹಿರಂಗವಾಗಿ ಬಂತು. 2024ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆದರು. ಹದಿನೆಂಟು ವರ್ಷ ಅದು ಎಷ್ಟು ಜನರ ಎಚ್-ಇಂಡೆಕ್ಸಿಗೆ ಆಸರೆಯಾಗಿತ್ತೋ. ಎಷ್ಟು ಹುಡುಗ ಹುಡುಗಿಯರು ಅದನ್ನು ನಂಬಿ ತಮ್ಮ ಪಿಎಚ್‌ಡಿಯ ವರ್ಷಗಳನ್ನು ಹಾಕಿದರೋ. ನನಗೆ ಸಂಕಟ ಆಗುವುದು ಈ ಹುಡುಗರನ್ನು ನೆನೆದು.

ನಮ್ಮ ಪದವಿ ಕಾಲೇಜುಗಳಲ್ಲೂ ಈ ಲೆಕ್ಕ ಬಂದು ಕೂತಿದೆ. ಯುಜಿಸಿಯ 2018ರ ನಿಯಮದಲ್ಲಿ ಲೇಖನಕ್ಕೆ ಅಂಕ ಕೊಡುವುದು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ. ಒಂದಕ್ಕಿಂತ ಕಡಿಮೆ ಇದ್ದರೆ 10, ಹತ್ತಕ್ಕಿಂತ ಜಾಸ್ತಿ ಇದ್ದರೆ 30. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಆ ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ. ಯೂಜಿನ್ ಗಾರ್ಫೀಲ್ಡ್ ಇಂಥ ಲೆಕ್ಕ ಶುರು ಮಾಡಿದ್ದು ಹುಡುಕಾಟ ಸುಲಭವಾಗಲಿ, ಗ್ರಂಥಾಲಯಕ್ಕೆ ಯಾವ ಪತ್ರಿಕೆ ತರಿಸಬೇಕು ಎಂದು ಗೊತ್ತಾಗಲಿ ಎಂದು. ಒಂದು ಪತ್ರಿಕೆಯ ಸರಾಸರಿಯಿಂದ ಅದರಲ್ಲಿ ಬರೆದ ಒಬ್ಬರ ಕೆಲಸ ಅಳೆಯಲು ಹೊರಟದ್ದು ಆಮೇಲಿನವರು.

ಅಂಕಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ನಮ್ಮಂಥ ಊರಿನ ಮಕ್ಕಳಿಗೆ ದೊಡ್ಡವರ ಪರಿಚಯ ಇಲ್ಲ, ಶಿಫಾರಸು ಇಲ್ಲ. ಅರ್ಜಿಗಳ ರಾಶಿಯಲ್ಲಿ ವಶೀಲಿ ನಡೆಯದಂತೆ ತಡೆಯಲು ಅಂಕಿಯೊಂದು ಇದ್ದದ್ದು ಎಷ್ಟೋ ಮಕ್ಕಳಿಗೆ ನೆರವಾಗಿದೆ. ಈ ಹುಡುಗಿಗೇ ಯುರೋಪಿನ ಲ್ಯಾಬ್ ಕರೆದದ್ದು ಯಾರೋ ಹೇಳಿದ್ದರಿಂದ ಅಲ್ಲ, ಪಟ್ಟಿ ನೋಡಿ. ಹಾಗಾಗಿ ಅಂಕಿಯನ್ನೇ ಕಿತ್ತೆಸೆಯಿರಿ ಎನ್ನುವವರ ಜೊತೆ ನಾನಿಲ್ಲ. ಬಾಗಿಲು ತೆರೆಯಲು ಅದು ಸಾಕು. ಒಳಗೆ ಕರೆದ ಮೇಲಾದರೂ ಲೇಖನ ಓದಬೇಕು ಎಂಬುದಷ್ಟೇ ನನ್ನ ಹಟ.

ಸಿದ್ದಾಪುರದ ಕಡೆ

ಅದೇ ವಾರ ಅವಳ ಜೊತೆ ಸಿದ್ದಾಪುರ ತಾಲೂಕಿನಲ್ಲಿರುವ ಅವಳ ಸೋದರತ್ತೆಯ ಮನೆಗೆ ಹೋಗಿದ್ದೆ. ಅತ್ತೆಗೆ ಹಿಂದಿನ ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದಿತ್ತು. ದರಕು, ಅಂದರೆ ಒಣ ಎಲೆ, ತರಲು ಬೆಟ್ಟಕ್ಕೆ ಹೋದಾಗ ಈ ರೋಗ ಹರಡುವ ಉಣುಗು ಕಚ್ಚಿರಬೇಕು. ಆಸ್ಪತ್ರೆ, ಜ್ವರ, ಮೈಕೈ ನೋವು. ಜ್ವರ ಬಿಟ್ಟಿತು, ಮನೆಗೆ ಬಂದರು, ಒಂದು ವಾರ ಓಡಾಡಿಕೊಂಡಿದ್ದರು. ಆಮೇಲೆ ಮತ್ತೆ ಬಂತು ಜ್ವರ, ಈ ಸಲ ತಲೆನೋವಿನ ಜೊತೆಗೆ. ರಾತ್ರಿ ಎದ್ದು, ಎಂದೋ ಮಾರಿದ ಆಕಳನ್ನು ಕಟ್ಟಿ ಬರುತ್ತೇನೆ ಎಂದು ಕೊಟ್ಟಿಗೆಗೆ ಹೋಗುತ್ತಿದ್ದರಂತೆ. ಸೊಸೆಯನ್ನು ಯಾರು ನೀನು ಎಂದು ಕೇಳಿದರಂತೆ. ಈಗ ಎಲ್ಲ ಸರಿಯಾಗಿದೆ. ನಾವು ಹೋದಾಗ ಅವರೇ ಚಾ ತಂದರು. ಲೋಟ ಕೊಡುವಾಗ ಬೆರಳು ಸಣ್ಣಗೆ ನಡುಗುತ್ತಿತ್ತು, ಇನ್ನೊಂದು ಕೈಯನ್ನು ತಳಕ್ಕೆ ಆನಿಸಿಕೊಂಡರು. ಕೂತು ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ನೀ ತಲೆ ಬಗ್ಗೆ ಓದಿದವಳು ಅಲ್ದಾ ತಂಗಿ? ಜ್ವರ ತಲೆಗೆ ಏರಿದ್ದು ಎಂತಕ್ಕೆ?"

ಅವಳು ಸುಮ್ನೆ ಏನೋ ಹೇಳಿ ಮುಗಿಸಲಿಲ್ಲ. ಪುಸ್ತಕ ತೆಗೆದು, ಎಷ್ಟನೇ ದಿನ ಜ್ವರ ಬಿಟ್ಟಿತು, ಮತ್ತೆ ಯಾವಾಗ ಬಂತು, ಗೊಂದಲ ಎಷ್ಟು ದಿನ ಇತ್ತು ಎಂದು ಕೇಳಿ ಬರೆದುಕೊಂಡಳು. ದಾರಿಯಲ್ಲಿ ಬರುವಾಗ ಫೋನಿನಲ್ಲಿ ಹುಡುಕುತ್ತಲೇ ಇದ್ದಳು. ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ 10ರಿಂದ 20 ಜನರಿಗೆ ಈ ಎರಡನೇ ಸುತ್ತು ಬರುತ್ತದೆ. ತಲೆನೋವು, ನಡುಕ, ಮನಸ್ಸಿನ ಗೊಂದಲ, ಕಣ್ಣು ಮಂಜಾಗುವುದು. ಆದರೆ ಆಗ ಮಿದುಳಿನೊಳಗೆ ಆಗುವುದೇನು ಎಂಬುದರ ಮೇಲೆ ಲೇಖನಗಳು ಬೆರಳೆಣಿಕೆಯಷ್ಟು.

ಈ ವೈರಸ್ ಸಿಕ್ಕಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಯುತ್ತಿವೆ, ಜನರಿಗೂ ಜ್ವರ ಬರುತ್ತಿದೆ ಎಂಬ ಸುದ್ದಿ ಕೇಳಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹಿಡಿದರು. ರಷ್ಯಾದಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ದಾಯಾದಿ ಇದು ಎಂದು ಆಗಲೇ ಗೊತ್ತಾಗಿತ್ತು. ಅದೇ 1957ರಲ್ಲಿ ನರವಿಜ್ಞಾನದ ಇನ್ನೊಂದು ಲೇಖನ ಬಂತು. ವಿಲಿಯಂ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಬರೆದದ್ದು. ಅಪಸ್ಮಾರಕ್ಕೆಂದು ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ತೆಗೆಸಿಕೊಂಡು, ಹೊಸ ನೆನಪು ಉಳಿಯದಂತಾದ ರೋಗಿಯ ಕಥೆ. ಅದಕ್ಕೆ ಸಾವಿರಾರು ಉಲ್ಲೇಖ ಬಂದಿದೆ, ನೆನಪಿನ ವಿಜ್ಞಾನದ ಬುನಾದಿ ಅದು, ಬರಲೇಬೇಕು. ನಮ್ಮ ಹುಡುಗಿಯ ಥೀಸಿಸ್ಸಿನಲ್ಲೂ ಅದೇ ಮೊದಲ ಉಲ್ಲೇಖ. ಮಂಗನ ಕಾಯಿಲೆಗೆ ಆ ಯೋಗ ಇಲ್ಲ. ವರ್ಷಕ್ಕೆ 400-500 ಜನರಿಗೆ ಬರುವ, ಪಶ್ಚಿಮ ಘಟ್ಟ ಬಿಟ್ಟು ಹೊರಗೆ ಹೋಗದ ರೋಗ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಏನು ಅನುಭವಿಸಿತು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಳೆಯ ಲಸಿಕೆ ನಿಂತು ಹೋಗಿದೆ, ಹೊಸದು ಇನ್ನೂ ಕೈಗೆ ಬಂದಿಲ್ಲ. ಉಣುಗು ಕಚ್ಚದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಂಡು ಬೆಟ್ಟಕ್ಕೆ ಹೋಗಬೇಕು.

ಇಂಥ ರೋಗದ ಬಗ್ಗೆ ಬರೆಯುವವರು ಕಡಿಮೆ. ಹಾಗಾಗಿ ಉಲ್ಲೇಖಿಸುವವರೂ ಕಡಿಮೆ. ಉಲ್ಲೇಖ ಕಡಿಮೆ ಇರುವ ವಿಷಯಕ್ಕೆ ದೊಡ್ಡ ಪತ್ರಿಕೆಗಳು ಸುಲಭಕ್ಕೆ ಜಾಗ ಕೊಡುವುದಿಲ್ಲ, ಅದನ್ನು ನೋಡಿ ಹೊಸಬರು ಈ ಕಡೆ ಬರುವುದಿಲ್ಲ. ದರಕು ತರುವವರು ಲೇಖನ ಬರೆಯುವವರಲ್ಲ. ಅವರಿಗೆ ಈ ಸಂಶೋಧನೆ ಎಷ್ಟು ಬೇಕಾಗಿದ್ದರೂ ಆ ಬೇಕು ಎಂಬುದು ಯಾವ ಇಂಡೆಕ್ಸಿನಲ್ಲೂ ಬಂದು ಸೇರುವುದಿಲ್ಲ.

ನೀನೇ ಯಾಕೆ ಮಾಡಬಾರದು ಎಂದು ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು: "ಸರ್, ಇದಕ್ಕೆ ಸುರಕ್ಷತೆ ಜಾಸ್ತಿ ಇರುವ ಬೇರೆಯದೇ ಲ್ಯಾಬ್ ಬೇಕು. ತರಬೇತಿಗೇ ಸಮಯ ಹೋಗ್ತದೆ. ಮೊದಲ ಲೇಖನ ಬರೋದಕ್ಕೆ ಮೂರ್ನಾಲ್ಕು ವರ್ಷ. ಬಂದ ಮೇಲೆ ಓದೋದು ಒಂದು ಹಿಡಿ ಜನ. ಅಷ್ಟರಲ್ಲಿ ನನ್ನ ವಯಸ್ಸಿನವರ ಎಚ್-ಇಂಡೆಕ್ಸ್ ಎಲ್ಲ ಇಪ್ಪತ್ತು ದಾಟಿರ್ತದೆ. ಕೆಲಸ ಕಾಯಂ ಆದ ಮೇಲೆ ಖಂಡಿತ ಮಾಡಬಹುದು. ಈಗ ಮಾಡಿದರೆ ಕೆಲಸವೇ ಸಿಗೋದಿಲ್ಲ." ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅವಳು ಹೀಗೆ ಲೆಕ್ಕ ಹಾಕಲೇಬೇಕಾದ ಪರಿಸ್ಥಿತಿಯ ಮೇಲೆ. ತನ್ನ ಅತ್ತೆಯ ಕೈ ನಡುಗುವುದನ್ನು ಕಂಡು ಬಂದ ನರವಿಜ್ಞಾನಿ ಅವಳು.

ಪತ್ರಿಕೆಯ ಅಂಕಿ ನೋಡಬೇಡಿ, ಕೆಲಸವನ್ನೇ ನೋಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆ ಬರೆದರು. ಡೋರಾ ಎಂದು ಅದರ ಹೆಸರು, ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ಸಹಿಯಾದ ಮೇಲೂ ಆಯ್ಕೆ ಸಮಿತಿಯ ಮೇಜಿನ ಮೇಲೆ ಮೊದಲು ಬಂದು ಬೀಳುವುದು ಅದೇ ಕೋಷ್ಟಕ. ಬದಲಾವಣೆ ಆಗಬೇಕಾದದ್ದು ಸಣ್ಣದು: ನಿಮ್ಮ ಮೂರು ಲೇಖನ ಕೊಡಿ ಎಂದು ಕೇಳುವುದು, ಕೊಟ್ಟದ್ದನ್ನು ಸಂದರ್ಶನಕ್ಕೆ ಮುಂಚೆ ಓದಿಕೊಂಡು ಬರುವುದು. ನನ್ನ ಬಿಎಸ್ಸಿ ಸೆಮಿನಾರಿನಲ್ಲಿ ಈಗ ಒಂದೇ ನಿಯಮ. ಪತ್ರಿಕೆಯ ಹೆಸರು, ಉಲ್ಲೇಖದ ಸಂಖ್ಯೆ ಹೇಳುವಂತಿಲ್ಲ. ಎರಡನೇ ಚಿತ್ರದಲ್ಲಿ ಏನಿದೆ, ಅದನ್ನು ಹೇಗೆ ಕಂಡುಹಿಡಿದರು, ನಿಮಗೆ ಯಾಕೆ ನಂಬಿಕೆ ಬಂತು ಅಥವಾ ಬರಲಿಲ್ಲ ಎಂದು ಹೇಳಬೇಕು. ಹತ್ತೊಂಬತ್ತು ವರ್ಷದ ಮಕ್ಕಳು ಇದನ್ನು ಮಾಡುತ್ತಿದ್ದಾರೆ. ದೊಡ್ಡ ಸಮಿತಿಗಳಿಗೆ ಆಗದ ಕೆಲಸವೇನಲ್ಲ.

ಹುಡುಗಿ ಅರ್ಜಿ ಹಾಕಿದ ಸಂಸ್ಥೆಗಳಲ್ಲಿ ಒಂದು ಕಡೆ ಹಾಗೆ ಮೂರು ಲೇಖನ ಕೇಳಿದ್ದಾರಂತೆ, ಪ್ರತಿಯೊಂದರ ಬಗ್ಗೆ ಅರ್ಧ ಪುಟ ವಿವರಣೆ ಸಮೇತ. ಸಾಫ್ಟ್‌ವೇರಿನ ಲೇಖನವನ್ನು ಅವಳು ಆ ಮೂರರಲ್ಲಿ ಸೇರಿಸಲಿಲ್ಲ. ಕೆಳಗಿನಿಂದ ಮೂರನೆಯದಿತ್ತಲ್ಲ, ಅದನ್ನೇ ಮೊದಲಿಗೆ ಇಟ್ಟಳು. ಮುಂದಿನ ಐದು ವರ್ಷದ ಯೋಜನೆಯ ಕೊನೆಗೆ ಮಂಗನ ಕಾಯಿಲೆಯ ಎರಡನೇ ಸುತ್ತಿನ ಬಗ್ಗೆ ಒಂದು ಪ್ಯಾರಾ ಬರೆದಿದ್ದಾಳೆ. ಅದನ್ನು ನನಗೆ ಕಳಿಸಿ, ಸರಿ ಇದೆಯಾ ನೋಡಿ ಸರ್ ಎಂದಿದ್ದಳು. ಅತ್ತೆ ಹೇಳಿದ ದಿನಗಳ ಲೆಕ್ಕದಿಂದಲೇ ಆ ಪ್ಯಾರಾ ಶುರುವಾಗುತ್ತದೆ. ಸಂದರ್ಶನದ ದಿನ ಇನ್ನೂ ತಿಳಿಸಿಲ್ಲ.